ನೀರಿಲ್ಲದ ಬಾಣಂತನ

ಬಾಣಂತನದ ಸುಖ ಅಂತ ಯಾರಾದರೂ ಮಾತೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಂಥ ಸುಖ, ಯಾರ ಸುಖ? ಐವತ್ತರ ದಶಕದ ಒಂದು ಮೇ ತಿಂಗಳು. ಕುರ್ಲಾದ ಚಾಳಿನ ಮೇಲಿನ ಮಜಲು, ತಗಡಿನ ಮಾಡಿನ ಕೆಳಗೆ ನಮ್ಮದು ಒಂದೇ ಖೋಲಿ. ಅಲ್ಲಿ ನಾನು ಎರಡನೆಯ ಸಲ ಬಾಣಂತಿಯಾಗಿ ಮಲಗಿದ್ದೆ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕಿವಿ ಮುಚ್ಚುವಂತೆ ತಲೆಗೆ ಬಿಗಿದ ಅರಿವೆ, ಮೈಮೇಲೆ ಕಂಬಳಿ. ಇಡೀ ಮುಂಬೈ ಬೆವರಿನಲ್ಲಿ ತೊಯ್ಯುತ್ತಿದ್ದರೆ, ನನಗೆ ಥಂಡಿ ಆದೀತು ಅಂತ ಮನೆಯವರಿಗೆ ಚಿಂತೆ!

ಮೊದಲನೆಯ ಹೆರಿಗೆ ಧಾರವಾಡದ ತವರಿನಲ್ಲಿ ಆಗಿತ್ತು. ಆಗ ಅವ್ವ ಕದ್ದುಮುಚ್ಚಿ ನೀರು ಕೊಡುತ್ತಿದ್ದಳು. ಎರಡನೆಯದರ ಹೊತ್ತಿಗೆ ಅವ್ವ ಇರಲಿಲ್ಲ. ನನ್ನ ದೊಡ್ಡ ಮಗಳನ್ನು ಊರಿನಲ್ಲಿ ನಾದಿನಿಯ ಹತ್ತಿರ ಬಿಟ್ಟು, ನನ್ನ ಬಾಣಂತನ ಮಾಡಲು ಅತ್ತೆ ರೈಲು ಹತ್ತಿ ಬಂದರು. ಮಗಳನ್ನು ಬಿಡಬೇಕೋ ಬೇಡವೋ ಅಂತ ನನ್ನನ್ನು ಕೇಳಿದವರು ಯಾರು? ಅಂಟಿನ ಉಂಡಿಯ ಡಬ್ಬಿಯ ಜೊತೆಗೆ ಅತ್ತೆ ತಮ್ಮ ಕಾಯಿದೆಗಳನ್ನೂ ತಂದಿದ್ದರು. ಎಲ್ಲಕ್ಕಿಂತ ದೊಡ್ಡದು, ಬಾಣಂತಿಗೆ ನೀರು ಕೊಡಬಾರದು. ಮೆಣಸಿನ ಪುಡಿ, ತುಪ್ಪ ಹಾಕಿದ ಬಿಸಿ ಅನ್ನ. ಅದು ಗಂಟಲಲ್ಲಿ ಇಳಿಯಲಿ ಅಂತ ಒಂದೆರಡು ಗುಟುಕು ಕಾಯಿಸಿದ ನೀರು. ಪುರುಡಿನ ಮೈಲಿಗೆ ಕಳೆಯುವವರೆಗೆ ನಾನಾಗಿ ಎದ್ದು ಕೊಡ ಮುಟ್ಟುವಂತೆಯೂ ಇಲ್ಲ.

"ನೀರು ಕುಡದ್ರ ಬಾಣಂತಿಗೆ ನಂಜ ಏರ್ತದ, ಕೂಸಿಗೆ ನೆಗಡಿ ಆಗ್ತದ," ಅನ್ನುತ್ತಿದ್ದರು ಅತ್ತೆ.

"ಅತ್ತಿಯವರ, ದವಾಖಾನಿ ನರ್ಸಬಾಯಿ ನೀರು ಭಾಳ ಕುಡೀ ಅಂತ ಹೇಳ್ಯಾಳ್ರೀ. ಕುಡದ್ರನ ಹಾಲು ಬರ್ತದಂತ."

"ಆಕಿ ಎಷ್ಟು ಹಡದಾಳಂತ? ಸುಮ್ನ ಮಲಕೋ."

ನನ್ನ ಗಂಡ ಮುಂಬೈಯ ಫೋರ್ಟ್ ಭಾಗದ ಆಫೀಸೊಂದರಲ್ಲಿ ಗುಮಾಸ್ತ. ಸಂಜೆ ಲೋಕಲ್ ರೈಲಿನ ಗದ್ದಲದಲ್ಲಿ ನುಗ್ಗಿ ಬಂದವರೇ ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದರು. ಗಲ್ಲದಿಂದ ಇಳಿದ ನೀರು ಅಂಗಿಯ ಮೇಲೆ ಸೋರಿ ಹಾಳಾಗುತ್ತಿತ್ತು. ನಾನು ಮಲಗಿದಲ್ಲಿಂದಲೇ ಅದನ್ನು ನೋಡುತ್ತಿದ್ದೆ. "ನನಗೂ ಒಂದು ಗುಟುಕು ಕೊಡ್ರೀ" ಅಂದರೆ, "ಹೆಂಗಸರ ವಿಷಯದಾಗ ನನ್ನ ಎಳೀಬ್ಯಾಡ. ಅವ್ವ ಹೇಳಿದಂಗ ಕೇಳು," ಅಂತ ಪೇಪರು ಬಿಡಿಸಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಕೂಸು ಹುಟ್ಟಿಸುವಾಗ ಮಾತ್ರ ಅದು ಬರೀ ಹೆಂಗಸರ ವಿಷಯ ಆಗಿರಲಿಲ್ಲ!

ಕೂಸು ಹೆಣ್ಣು. ಹುಟ್ಟಿದಾಗ ದುಂಡಗಿತ್ತು. ನನಗೆ ಹಾಲು ಇಳಿಯಲೇ ಇಲ್ಲ. ಅದು ಎಳೆದೆಳೆದು ದಣಿದು, ಅತ್ತು, ಕೊನೆಗೆ ಅಳುವ ದನಿಯೂ ಸಣ್ಣದಾಯಿತು. ನೆತ್ತಿ ಒಳಗೆ ಕುಸಿಯಿತು. ಕೆಳಗೆ ಹಾಸಿದ ಅರಿವೆ ಒದ್ದೆಯಾಗುವುದೇ ನಿಂತಿತು. ಈ ಕೂಸು ನನ್ನ ಕೈಗೆ ಉಳಿಯುವುದಿಲ್ಲ ಅನ್ನಿಸಿ ನನ್ನ ಜೀವ ಹಾರಿಹೋಯಿತು. ಅತ್ತೆಯೋ, ನಮ್ಮ ಕಡೆಯವರು ಯಾರೇ ನೋಡಲು ಬಂದರೂ, "ಏನ ಮಾಡೂದವಾ, ಇಕಿ ಎದಿಯೊಳಗ ಹಾಲೇ ಇಲ್ಲ," ಅಂತ ಸಾರುತ್ತಿದ್ದರು. ಕೇಳಿದವರು ನನ್ನ ಕಡೆ ನೋಡಿ ಲೊಚಗುಟ್ಟುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತರು. ಬಟ್ಟಲಲ್ಲಿ ಕಲ್ಲುಸಕ್ಕರೆ ಕರಗಿಸಿದ ನೀರು. ಅರಿವೆಯ ಬತ್ತಿಯನ್ನು ಅದರಲ್ಲಿ ಅದ್ದಿ ಅದ್ದಿ ಕೂಸಿನ ಬಾಯಿಗೆ ಇಡತೊಡಗಿದರು. ನಾನು ಕಣ್ಣು ಬಿಟ್ಟು ನೋಡಿದೆ. ನೀರು! ನಾನು ಕುಡಿದರೆ ಯಾವ ಕೂಸಿಗೆ ನೆಗಡಿ ಆಗುತ್ತಿತ್ತೋ, ಅದೇ ಕೂಸಿನ ಬಾಯಿಗೆ ನೀರು!

"ಅತ್ತಿಯವರ, ಕೂಸಿಗೆ ಕೊಡೂ ನೀರು ಕೂಸಿನ ತಾಯಿಗೆ ಕೊಟ್ರ ಏನ ಆಗ್ತದ್ರೀ?"

"ಅದು ಬ್ಯಾರೆ, ಇದು ಬ್ಯಾರೆ," ಅಂದರು, ತಲೆಯನ್ನೂ ಎತ್ತದೆ.

ಕಂಬಳಿ ಒದ್ದು ಎದ್ದೆ. ನಮ್ಮ ಮಜಲಿಗೆಲ್ಲ ಗ್ಯಾಲರಿಯ ಕೊನೆಯಲ್ಲಿ ಒಂದೇ ನಳ. ಆಗಷ್ಟೇ ನೀರು ಬಂದು ಹೆಂಗಸರ ಸಾಲು ಹತ್ತಿತ್ತು. ಗೋಡೆ ಹಿಡಿದು ನಡೆದೆ. ತಲೆಗೆ ಕಟ್ಟಿದ ಅರಿವೆ ನೋಡಿದ್ದೇ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ನನಗೆ ದಾರಿ ಕೊಟ್ಟದ್ದಲ್ಲ, ಮೈಲಿಗೆಗೆ ಹೆದರಿದ್ದು. ಹೆದರಲಿ! ನಳದ ಬುಡದಲ್ಲಿ ಕೂತು ಬೊಗಸೆ ಒಡ್ಡಿದೆ. ಕುಡಿದೆ, ಉಸಿರು ಬಿಟ್ಟೆ, ಮತ್ತೆ ಕುಡಿದೆ.

ಬಾಗಿಲಲ್ಲಿ ನಿಂತು ಅತ್ತೆ ಬಾಯಿ ಬಡಿದುಕೊಳ್ಳುತ್ತಿದ್ದರು. "ಅಯ್ಯಯ್ಯ, ಮಂದಿ ನಳಾ ಮೈಲಿಗಿ ಮಾಡಿದ್ಲಲ್ಲೋ! ಮನಿತನದ ಮರ್ಯಾದಿ ಹೋತಲ್ಲೋ!"

ಪಕ್ಕದ ಖೋಲಿಯ ಮರಾಠಿ ಹೆಂಗಸು ಒಬ್ಬಳೇ, "ಪೀ ಗ, ಪೋಟಭರ ಪೀ," ಅಂತ ಹೊಟ್ಟೆ ತುಂಬ ಕುಡಿಯಲು ಹೇಳಿದಳು. ನಾನು ಎದ್ದ ಮೇಲೆ ಬೂದಿ ಹಚ್ಚಿ ನಳ ತಿಕ್ಕಿದವಳೂ ಅವಳೇ. ಅದನ್ನೂ ನಾನು ಮರೆತಿಲ್ಲ.

ಸಂಜೆ ಸುದ್ದಿ ಕೇಳಿ ಗಂಡ ಹಾರಾಡಿದರು. "ಚಾಳಿನ ಮಂದಿ ಮುಂದ ನನ್ನ ಮಾನಾ ಕಳದೆಲ್ಲಾ!"

"ಆ ಮಾನ ಕೂಸಿಗೆ ಕುಡಸ್ಲಿಕ್ಕೆ ಬರ್ತದೇನ್ರೀ? ಬರೂದಿದ್ರ ತರ್ರಿ, ಬಟ್ಟಲಾ ಹಿಡೀತೀನಿ!"

ಅಂದಿನಿಂದ ತುಂಬಿದ ತಂಬಿಗೆಯನ್ನು ನನ್ನ ತಲೆದೆಸೆಯಲ್ಲೇ ಇಟ್ಟುಕೊಂಡೆ. ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ನಾಲ್ಕಾರು ದಿನಗಳಲ್ಲಿ ಹಾಲು ಬಂತು, ಕುಪ್ಪಸ ತೊಯ್ಯುವಷ್ಟು ಬಂತು. ಕೂಸು ನುಂಗುವ ಸದ್ದು ಖೋಲಿಗೆಲ್ಲ ಕೇಳುತ್ತಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು.

ಊರಿಗೆ ಹೊರಡುವ ಮುಂಚೆ ಒಮ್ಮೆ, ಕೂಸಿಗೆ ಎಣ್ಣೆ ಹಚ್ಚುತ್ತಾ ಅತ್ತೆ ತಾವಾಗಿಯೇ ಬಾಯಿ ಬಿಟ್ಟರು. "ನಿನ್ನ ಗಂಡಗಿಂತ ಮೊದಲ ನನಗ ಎರಡು ಆಗಿದ್ವು. ಹಾಲು ಬರ್ಲಿಲ್ಲ, ಎರಡೂ ಹೋದ್ವು. ನನಗೂ ಯಾರೂ ನೀರು ಕೊಟ್ಟಿರ್ಲಿಲ್ಲ."

ಇಲ್ಲಿ ನನ್ನ ಮನಸ್ಸು ಕರಗಿತು ಅಂತ ಬರೆದರೆ ಓದುವವರಿಗೆ ಹಿತವಾದೀತು. ಕರಗಲಿಲ್ಲ. ಸಿಟ್ಟು ನೆತ್ತಿಗೇರಿತು. "ಎರಡು ಕೂಸು ಕಳಕೊಂಡವರು ನೀವು! ಗೊತ್ತಿದ್ದೂ ಗೊತ್ತಿದ್ದೂ ನನಗ ನೀರು ಬಿಡ್ಲಿಲ್ಲೇನ್ರೀ?" ಅಂತ ಕೂಗಿಯೇಬಿಟ್ಟೆ.

ಅತ್ತೆಯ ಕೈ ಕೂಸಿನ ಹೊಟ್ಟೆಯ ಮೇಲೆ ನಿಂತಿತು. "ನೀರು ಕುಡದು ನಿನಗ ಹಾಲು ಬಂದ್ರ, ನನ್ನವು ಸುಮ್ಮಸುಮ್ನ ಸತ್ತಂಗ ಆತಲ್ಲವಾ," ಅಂದರು. "ಅದನ್ನ ನಾ ಹ್ಯಾಂಗ ನೋಡ್ಲಿ?"

ನನ್ನ ಸಿಟ್ಟು ಹಾಗೇ ಇತ್ತು, ಆದರೆ ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಅವು ಗಂಡೋ ಹೆಣ್ಣೋ ಅಂತ ಕೇಳಿದೆ. ಎರಡೂ ಹೆಣ್ಣಂತೆ. ಹೆಸರಿಡುವ ದಿನದವರೆಗೂ ಉಳಿಯಲಿಲ್ಲವಂತೆ.