ವಿಲಾಯತಿ ಕಾರಿಗೆ ಟ್ರ್ಯಾಕ್ಟರಿನ ಎದೆ

ಗೆಳೆಯರೇ, ಇವತ್ತು ಅಥಣಿ ರಸ್ತೆಯ ಗ್ಯಾರೇಜಿನಲ್ಲಿ ನನಗೂ ದಸ್ತಗೀರನಿಗೂ ಜೋರು ಜಗಳವಾಯಿತು. ನಾವಿಬ್ಬರೂ ಕೂಡಿ ಮದುವೆ ಬಾಡಿಗೆಗೆ ಓಡಿಸುವ ಹಳೆಯ ವಿಲಾಯತಿ ಕಾರು ನಿನ್ನೆ ತಿಕೋಟಾ ದಾರಿಯಲ್ಲಿ ಹೊಗೆಯುಗುಳಿ ನಿಂತುಬಿಟ್ಟಿತ್ತು.

"ಅರಬ ದೇಶದಾವ್ರು ಪೆಟ್ರೋಲ್ ತುಟ್ಟಿ ಮಾಡ್ಯಾರ. ಡೀಸೆಲ್ ಸೋವಿ ಐತಿ. ಈ ಎಂಜಿನ್ ತಗದು ಡೀಸೆಲ್ ಎಂಜಿನ್ ಕೂಡ್ಸೂಣು," ಎಂದ ದಸ್ತಗೀರ.

"ಎಂಜಿನ್ನ ಬ್ಯಾರೆ ಆದ್ರ ಇದು ನಮ್ಮ ಕಾರ್ ಹೆಂಗ ಆಗತೈತಿ? ಇದನ್ನ ರಿಪೇರಿ ಮಾಡ್ಸೂಣು," ಎಂದೆ ನಾನು.

ಮೇಸ್ತ್ರಿ ಎಂಜಿನ್ ಬಿಚ್ಚಿ ನೋಡಿದ್ದ. "ಎಲ್ಲೂ ಸೀಳಿಲ್ಲ. ಬೋರ್ ಹೊಡದು, ಅಂದ್ರ ಸಿಲಿಂಡರ್ ಒಳಗ ಕೊರದು ಸಾಪ ಮಾಡಿ, ಹೊಸಾ ಪಿಸ್ಟನ್ ಹಾಕಿದ್ರ ಓಡತೈತಿ. ಮೊದಲ ನೀವು ಜಗಳಾ ಮುಗಸ್ರಿ," ಎಂದ.

ಅಷ್ಟರಲ್ಲಿ ಸಾರವಾಡದ ಗಂಗವ್ವ ಬಂದರು. ಮುಂದಿನ ವಾರ ಮಗಳ ಮದುವೆಗೆ ನಮ್ಮ ಕಾರನ್ನೇ ಗೊತ್ತು ಮಾಡಿದ್ದವರು. ಸಂಗತಿ ಕೇಳಿ, "ಡೀಸೆಲ್ ಅಂದ್ರ ನಮ್ಮ ಟ್ರ್ಯಾಕ್ಟರಿನಾಗ ಐತಲ್ಲ, ಅಂಥಾದ್ದೇನೋ ತಮ್ಮಾ?" ಎಂದರು.

"ಹೌದ್ರಿ ಯವ್ವಾ," ಎಂದ ದಸ್ತಗೀರ.

"ಹಂಗಿದ್ರ ನಿಮ್ಮ ಕಾರ್ ಯಾಕ ಬೇಕು? ಮಗಳನ್ನ ಟ್ರ್ಯಾಕ್ಟರಿನಾಗ ಕುಂಡರಸ್ತೀನಿ. ಸಪ್ಪಳಿಲ್ದ ಹೋಗತೈತಂತ ಇದನ್ನ ಬಾಡಿಗಿಗೆ ಹೇಳೀನಿ."

ದಸ್ತಗೀರ ನನ್ನ ಮುಖ ನೋಡಿದ, ಆಮೇಲೆ ನಕ್ಕುಬಿಟ್ಟ. "ಬೋರ್ ಹೊಡೀರಿ ಮೇಸ್ತ್ರಿ," ಎಂದ. ಮದುವೆಯ ಹೊತ್ತಿಗೆ ಕಾರು ಸಿದ್ಧವಾಗುತ್ತದೆಂದು ಮೇಸ್ತ್ರಿಯೂ ಮಾತು ಕೊಟ್ಟ.

ಹೊರಡುವಾಗ ಗಂಗವ್ವ, "ಇಬ್ಬರೂ ಕೂಡಿ ಬರ್ರಿ. ಒಬ್ಬಾವ ಓಡ್ಸಾಕ, ಒಬ್ಬಾವ ನೂಕಾಕ," ಎಂದರು.

"ಬರ್ತೀವ್ರಿ," ಎಂದು ಒಟ್ಟಿಗೇ ಒಪ್ಪಿಕೊಂಡೆವು. ನೂಕುವವನು ಯಾರೆಂಬ ಜಗಳ ಮಾತ್ರ ಇನ್ನೂ ನಡೆದಿದೆ.