ಅಂಗಳದಿಂದ ಇಟ್ಟ ಹೆಸರು

ತೊಟ್ಟಿಲ ಸುತ್ತ ನಾವು ಹೆಂಗಸರು, ಹೆಸರು ಕೂಗುವವಳ ಬೆನ್ನಿಗೆ ಶಾಸ್ತ್ರಕ್ಕೆ ಗುದ್ದಲು ಕೈ ಎತ್ತಿಕೊಂಡು ಕಾಯುತ್ತಿದ್ದೆವು. ಹೆಸರಿಡಬೇಕಾದ ಸೋದರತ್ತೆ ಸಾವಿತ್ರಿ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ಅಂಗಳದಲ್ಲೇ ನಿಂತುಬಿಟ್ಟಳು. ಸಾರವಾಡದಲ್ಲಿ ನನ್ನ ತಂಗಿಯ ಮೊಮ್ಮಗಳ ನಾಮಕರಣ. ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿತ್ತು.

“ನಂಗ ಕೆಮ್ಮು ಹತ್ತೇತ್ರಿ, ಒಳಗ ಬರೂದಿಲ್ಲ. ನಾ ಬಾಗಿ ಕಿವ್ಯಾಗ ಕುರ್ರ್ ಅಂತೀನಿ, ನೀವು ಬೆನ್ನಿಗಿ ಗುದ್ದತೀರಿ, ಕೆಮ್ಮೆಲ್ಲಾ ಕೂಸಿನ ಮಾರಿಮ್ಯಾಲ ಬೀಳತೈತಿ,” ಎಂದಳು.

“ಕನಮಡಿಯಿಂದ ಬಂದು, ಅತ್ತಿ ಆದಾಕಿ ಹೆಸರಿಡದ ಹೋಗ್ತೀಯೇನ ಯವ್ವಾ?” ಎಂದು ತಂಗಿ ಗದರಿದಳು.

“ಹಂಗ್ಯಾಕ ಹೋಗ್ಲಿ? ಫೋನ್ ಹಚ್ಚತೀನಿ, ಎತ್ತರಿ.”

ತಂಗಿ ಮೊಬೈಲನ್ನು ಕೂಸಿನ ಕಿವಿಯ ಹತ್ತಿರ ಹಿಡಿದಳು. “ಭಾಗ್ಯಶ್ರೀ, ಕುರ್ರ್” ಎಂಬ ದನಿ ಬಂತು. ಗುದ್ದದಿದ್ದರೆ ಶಾಸ್ತ್ರ ಪೂರ್ತಿ ಆಗುವುದಿಲ್ಲ. ಹಾಗಾಗಿ ನಾವೆಲ್ಲ ಅಂಗಳಕ್ಕೆ ಓಡಿ, ಸಾವಿತ್ರಿಯನ್ನು ಮುತ್ತಿಕೊಂಡು ಬೆನ್ನಿಗೆ ಗುದ್ದಿದೆವು. ಅವಳು ಮನಸಾರೆ ಕೆಮ್ಮಿದಳು. ಒಳಗೆ ಫೋನಿನಲ್ಲಿ ಆ ಕೆಮ್ಮು ಕೇಳಿ ಕೂಸು ಕಣ್ಣು ಬಿಟ್ಟಿತಂತೆ. ನಾವು ನೋಡಲಿಲ್ಲ. ಬಾಣಂತಿ ಬಾಗಿಲು ಹಾಕಿಸಿದ್ದಳು. ನಮ್ಮ ಊಟವೂ ಅಂಗಳದಲ್ಲೇ ಆಯಿತು.

ವಾರ ಕಳೆಯುವುದರೊಳಗೆ ಗುದ್ದಿದವರಿಗೆಲ್ಲ ನೆಗಡಿ, ಕೆಮ್ಮು. ನನ್ನದು ನನ್ನ ಜೊತೆ ವಿಜಯಪುರದ ನಮ್ಮ ಮನೆಗೆ ಬಂದು ನಮ್ಮ ಯಜಮಾನರಿಗೂ ದಾಟಿತು. ಭಾಗ್ಯಶ್ರೀ ಆರಾಮ ಇದ್ದಾಳೆ. ಈಗ ಯಾರ ಮನೆಯ ಕೂಸು ನೋಡಲು ಹೋದರೂ ನಾನು ಮೊದಲು ಹೊರಗೆ ನಿಂತು ಒಮ್ಮೆ ಕೆಮ್ಮಿ ನೋಡುತ್ತೇನೆ.