ಕಡವೆಗೊಂದು ತೋಟಾ, ಎಲ್ಕಿಗೊಂದು ತೋಟಾ

ನಾಟಿಂಗ್‌ಹ್ಯಾಮಿನಿಂದ ನಾವು ಹೊರಟದ್ದು ಒಂದು ಶುಕ್ರವಾರ ಬೆಳಿಗ್ಗೆ. 2003ರ ಮಾರ್ಚ್ ತಿಂಗಳು. ಕಾರಿನ ಗಾಜಿನ ಮೇಲೆ ಹೆಪ್ಪುಗಟ್ಟಿದ್ದ ಮಂಜನ್ನು ಕೆರೆದು ತೆಗೆಯುವಷ್ಟರಲ್ಲಿ ನನ್ನ ಬೆರಳುಗಳು ಮರಗಟ್ಟಿದ್ದವು. ಹಿಂದಿನ ಸೀಟಿನಲ್ಲಿ ಒಂದು ಡಬ್ಬಿ ಪುಳಿಯೋಗರೆ, ಒಂದು ಫ್ಲಾಸ್ಕ್ ಕಾಫಿ, ಎರಡು ಜೊತೆ ರಬ್ಬರ್ ಬೂಟು ಇದ್ದವು. ನನ್ನ ಗಂಡ ಮುತ್ತಣ್ಣ ಕೊಡಗಿನವನು, ನಾನು ಮೈಸೂರಿನ ಅಯ್ಯಂಗಾರರ ಮನೆಯವಳು. ನಮ್ಮ ವಂಶದಲ್ಲಿ ಸೊಳ್ಳೆ ತಿಗಣೆ ಬಿಟ್ಟರೆ ಬೇರೆ ಜೀವ ತೆಗೆದವರಿಲ್ಲ. ಅಂಥವಳು ಬೇಟೆಯ ತೋಟಾ ಆರಿಸಲು ಹೊರಟಿದ್ದೇನೆ ಎಂದರೆ ಅಮ್ಮ ಅಲ್ಲಿಂದಲೇ ಬೈದಾಳೆಂದು, ಫೋನಿನಲ್ಲಿ ಯಾರ್ಕ್‌ಷೈರಿನ ಬೆಟ್ಟ ನೋಡಲು ಹೋಗುತ್ತಿದ್ದೇವೆ ಎಂದಷ್ಟೇ ಹೇಳಿದ್ದೆ.

ಮುತ್ತಣ್ಣನ ಆಫೀಸಿನಲ್ಲಿ ಸ್ವೀಡನ್ನಿನವನೊಬ್ಬನಿದ್ದ. ಅಕ್ಟೋಬರಿನಲ್ಲಿ ತನ್ನೂರಿಗೆ ಎಲ್ಕ್ ಬೇಟೆಗೆ ಬಾ ಎಂದು ಕರೆದಿದ್ದ. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ, ಕುದುರೆಯಷ್ಟು ಎತ್ತರ ನಿಲ್ಲುವ ಪ್ರಾಣಿ. ಅದಕ್ಕೆ ಮೊದಲು ಇಲ್ಲೇ ಇಂಗ್ಲೆಂಡಿನಲ್ಲಿ ಜಿಂಕೆ ಹೊಡೆದು ಕೈ ಕುದುರಿಸಿಕೊಳ್ಳಬೇಕು. ಎರಡಕ್ಕೂ ಆಗುವಂಥ ಒಂದೇ ರೈಫಲ್ ಬೇಕು. ಈ ದೇಶದಲ್ಲಿ ಕೋವಿಗೆ ಅರ್ಜಿ ಹಾಕುವಾಗಲೇ ಯಾವ ಬೋರಿನದು, ಅಂದರೆ ನಳಿಗೆಯ ಅಳತೆ ಎಷ್ಟು ಎಂದು ಪೊಲೀಸರಿಗೆ ತಿಳಿಸಬೇಕು, ಆಮೇಲೆ ಮನಸ್ಸು ಬದಲಾದರೆ ಮತ್ತೆ ಮೊದಲಿನಿಂದ ಅವರ ಬಾಗಿಲು ತಟ್ಟಬೇಕು. ಹೊಸಬನಾದರೆ ಅನುಭವಿಯೊಬ್ಬ ಇವನ ಜವಾಬ್ದಾರಿ ನನ್ನದು ಎಂದು ಮುಂದೆ ಬಂದರೆ ಒಳ್ಳೆಯದು.

ನನ್ನ ಗಂಡನ ಮನಸ್ಸಿನಲ್ಲಿ ಬೋರು ಎಂದೋ ನಿಶ್ಚಯವಾಗಿತ್ತು. ಥರ್ಟಿ ನಾಟ್ ಸಿಕ್ಸ್. ಅದು ಅವನ ಅಪ್ಪನ ರೈಫಲ್ಲಿನ ತೋಟಾ. ಬೇಟೆ ನಿಷೇಧವಾಗುವ ಮುಂಚೆ ಮಾವ ಆ ರೈಫಲ್ ಹಿಡಿದು ನಿಂತರೆ ಗುಂಡು ಹಾರಿದ ಮೇಲೂ ಕಂಬದ ಹಾಗೆ ಅಲುಗುತ್ತಿರಲಿಲ್ಲವಂತೆ. ಈ ಕಥೆಯನ್ನು ಮದುವೆಯಾದಾಗಿನಿಂದ ಎಷ್ಟು ಸಲ ಕೇಳಿದ್ದೇನೋ. ಹಿಂದಿನ ವರ್ಷ ಮಾವ ತೀರಿಕೊಂಡಾಗ ಮುತ್ತಣ್ಣ ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ಅಳಲಿಲ್ಲ. ವಾಪಸು ಬಂದು ಬೇಟೆಯ ಪತ್ರಿಕೆಗಳನ್ನು ತರಿಸಿ ಓದತೊಡಗಿದ. ಅಪ್ಪ ಹಿಡಿದದ್ದನ್ನು ತಾನೂ ಹಿಡಿಯಬಲ್ಲೆ ಎಂದು ಅವನಿಗೆ ಗೊತ್ತಾಗಬೇಕಿತ್ತು. ಎಲ್ಕ್ ಒಂದು ನೆಪ ಎನ್ನುವುದು ನನಗೆ ತಿಳಿದಿತ್ತು, ಅದಕ್ಕೇ ತಕರಾರಿಲ್ಲದೆ ಜೊತೆಗೆ ಹೊರಟಿದ್ದೆ.

ಮೊದಲ ನಿಲ್ದಾಣ ಬರ್ಮಿಂಗ್‌ಹ್ಯಾಮ್. ಒಂದೂಕಾಲು ಗಂಟೆಯ ದಾರಿ, ಊರೊಳಗೆ ಪಾರ್ಕಿಂಗ್ ಹುಡುಕಲು ಮತ್ತೆ ಅರ್ಧ ಗಂಟೆ. ಅಲ್ಲಿ ಗನ್ ಕ್ವಾರ್ಟರ್ ಎಂಬ ಕೇರಿಯಿದೆ. ಒಂದು ಕಾಲಕ್ಕೆ ಬೀದಿಯುದ್ದಕ್ಕೂ ಕೋವಿ ಮಾಡುವವರೇ ಇದ್ದರಂತೆ. ನಾವು ಹೋದಾಗ ಉಳಿದಿದ್ದದ್ದು ಬೆರಳೆಣಿಕೆಯ ಅಂಗಡಿಗಳು, ಬಾಗಿಲು ಹಾಕಿದ ಇಟ್ಟಿಗೆಯ ಕಾರ್ಖಾನೆಗಳು. ಮುತ್ತಣ್ಣ ಮಾತ್ರ ದೇವಸ್ಥಾನದ ಪ್ರಾಕಾರ ಸುತ್ತುವವನಂತೆ ನಿಧಾನವಾಗಿ ನಡೆದ. ಅವರ ಮನೆಯ ಹಳೆಯ ಜೋಡುನಳಿಗೆಯ ಮೇಲೆ ಈ ಊರಿನ ಹೆಸರು ಕೊರೆದಿತ್ತಂತೆ. ಕೈಲ್ ಮುಹೂರ್ತದ ದಿನ ಕೋವಿಗಳಿಗೆ ಹೂವಿಟ್ಟು ಪೂಜೆ ಮಾಡುವಾಗ ಅದರ ಮುಂದೆ ಕೂತು ಅಕ್ಷರ ಕೂಡಿಸಿ ಓದಿದ್ದನಂತೆ, ಲಂಡನ್ ಎಂಬ ಊರಿದೆ ಎಂದು ಗೊತ್ತಾಗುವುದಕ್ಕೂ ಮೊದಲು.

ಒಂದು ಅಂಗಡಿಯ ಮುದುಕ ಮದ್ದು ತೆಗೆದ ಮೂರು ಮಾದರಿ ತೋಟಾಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಎಲ್ಲಕ್ಕಿಂತ ಚಿಕ್ಕದು ಟೂ ಫಾರ್ಟಿ ತ್ರೀ, ನನ್ನ ಲಿಪ್‌ಸ್ಟಿಕ್ಕಿನಷ್ಟಿತ್ತು. ಜಿಂಕೆಗೆ ಸಾಕು, ಎಲ್ಕಿಗೆ ಸಾಲದು. ನಡುವಿನದು ಆರೂವರೆ ಮಿಲಿಮೀಟರಿನ ಸ್ವೀಡಿಷ್ ತೋಟಾ, ಉದ್ದವಾಗಿ ತೆಳ್ಳಗಿತ್ತು. ಸ್ವೀಡನ್ನಿನವರು ತಾತಂದಿರ ಕಾಲದಿಂದ ಇದರಲ್ಲೇ ಎಲ್ಕ್ ಉರುಳಿಸುತ್ತಾರಂತೆ. ಕೊನೆಯದು ಥರ್ಟಿ ನಾಟ್ ಸಿಕ್ಸ್, ನನ್ನ ನಡುಬೆರಳಿಗಿಂತ ಉದ್ದ, ದಪ್ಪ. ಗುಂಡು ಹಾರುವಾಗ ಸ್ವೀಡಿಷ್ ಭುಜಕ್ಕೆ ಒದೆಯುವುದು ಕಡಿಮೆ, ಇದು ಚೆನ್ನಾಗಿಯೇ ಒದೆಯುತ್ತದೆ ಎಂದು ಮುದುಕ ವಿವರಿಸಿದ. ಆದರೂ ಗಿರಾಕಿಯ ಮುಖ ಓದಿದ ವ್ಯಾಪಾರಿ ಅವನು, ಮುತ್ತಣ್ಣ ಏನು ಹೇಳಿದರೂ ಹೌದು ಹೌದು ಎಂದ. ಮುತ್ತಣ್ಣ ದೊಡ್ಡ ತೋಟಾವನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ, ಬೇರೆ ಎರಡರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಾನು ಬೇಕೆಂದೇ, ಸೀರೆ ಅಂಗಡಿಯಲ್ಲಾದರೆ ನೀನು ನನಗೆ ಹತ್ತು ತೆಗೆಸಿ ನೋಡು ಅಂತೀಯಲ್ಲ ಎಂದು ಕಾಲೆಳೆದೆ. ಅವನಿಗೆ ಕೇಳಿಸಲೇ ಇಲ್ಲ.

ಪುಳಿಯೋಗರೆಯನ್ನು ಕಾರಿನಲ್ಲೇ ತಿಂದು ಉತ್ತರಕ್ಕೆ ಹೊರಟೆವು. ಲೀಡ್ಸ್ ದಾಟುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಯಾರ್ಕ್‌ಷೈರಿನ ಡೇಲ್ಸ್ ಕಣಿವೆಯ ಹಳ್ಳಿ ಸೇರುವಷ್ಟರಲ್ಲಿ ಕತ್ತಲಾಗಿತ್ತು. ತಂಗಿದ್ದು ಒಂದು ಬಿ ಅಂಡ್ ಬಿಯಲ್ಲಿ, ರಾತ್ರಿಗೆ ಕೋಣೆ, ಬೆಳಿಗ್ಗೆ ತಿಂಡಿ ಕೊಡುವ ಮನೆಯಲ್ಲಿ. ಮನೆಯೊಡತಿ ನಾನು ಸಸ್ಯಾಹಾರಿ ಎಂದು ಕೇಳಿ ಗಾಬರಿಯಾಗಿ ಬೇಯಿಸಿದ ಆಲೂಗಡ್ಡೆಯ ಮೇಲೆ ಚೀಸ್ ಸುರಿದು ತಂದಿಟ್ಟಳು. ಹಾಸಿಗೆಯೊಳಗೆ ಬಿಸಿನೀರಿನ ಚೀಲವನ್ನೂ ಇಟ್ಟಿದ್ದಳು. ಅವಳ ಮೇಲೆ ನನಗೆ ಇಂದಿಗೂ ಪ್ರೀತಿಯಿದೆ.

ಶನಿವಾರ ಬೆಳಿಗ್ಗೆ ಗ್ರಹಾಂ ಅವರ ಹೊಲಕ್ಕೆ ಹೋದೆವು. ಅರವತ್ತು ದಾಟಿದ ಕುರಿ ಸಾಕುವ ರೈತ, ಜಿಂಕೆ ಬೇಟೆಯಲ್ಲಿ ಪಳಗಿದವರು. ಮುತ್ತಣ್ಣನ ಜವಾಬ್ದಾರಿ ಹೊರುವುದೋ ಬೇಡವೋ ಎಂದು ನೋಡಿ ಹೇಳುತ್ತೇನೆ ಎಂದಿದ್ದವರು ಇವರೇ. ಅವರ ಜಮೀನಿನಲ್ಲಿ, ಅವರೆದುರಿಗೆ, ಅವರದೇ ರೈಫಲ್ ಹಿಡಿದರೆ ಕಾನೂನಿನ ಅಡ್ಡಿಯಿರಲಿಲ್ಲ. ಹಳೆಯ ಕಲ್ಲುಗಣಿಯ ಮಣ್ಣುದಿಬ್ಬಕ್ಕೆ ಕಾಗದದ ಗುರಿ ಅಂಟಿಸಿ, ಥರ್ಟಿ ನಾಟ್ ಸಿಕ್ಸ್‌ಗೆ ಒಂದು ತೋಟಾ ತುಂಬಿ ಮುತ್ತಣ್ಣನ ಕೈಗೆ ಕೊಟ್ಟರು.

ಮುತ್ತಣ್ಣ ರೈಫಲ್ಲನ್ನು ಎರಡೂ ಕೈಯಲ್ಲಿ ಹಣೆಗೆ ಮುಟ್ಟಿಸಿಕೊಂಡ. ಆಮೇಲೆ ನಳಿಗೆಯನ್ನು ನೇರವಾಗಿ ಆಕಾಶಕ್ಕೆತ್ತಿದ.

ಕೊಡಗಿನ ಕಡೆ ಹಾಗೆ. ಹಬ್ಬವಾಗಲಿ, ಗಂಡುಮಗು ಹುಟ್ಟಲಿ, ಗುಂಡು ಹಾರುವುದು ಮೇಲಕ್ಕೆ. ಹೊಸ ಕೋವಿ ಕೈಗೆ ಬಂದರೆ ಮೊದಲ ಗುಂಡು ಆಕಾಶಕ್ಕೆ ಎನ್ನುವುದು ಅವನಿಗೆ ಯೋಚಿಸಿ ಮಾಡುವ ಕೆಲಸವಲ್ಲ, ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟು ಸಹಜ. ಗ್ರಹಾಂ ಆ ವಯಸ್ಸಿಗೂ ಹಾರಿ ಬಂದು ನಳಿಗೆ ಹಿಡಿದು ದಿಬ್ಬದ ಕಡೆ ತಿರುಗಿಸಿದರು. ರೈಫಲ್ ಕಿತ್ತುಕೊಂಡು ತೋಟಾ ಹೊರಗೆ ತೆಗೆದರು. ಮುಖ ಕೆಂಪಾಗಿತ್ತು. ಈ ಗುಂಡು ಮೈಲಿಗಟ್ಟಲೆ ಹೋಗುತ್ತದೆ, ಆ ಗುಡ್ಡದಾಚೆ ಊರಿದೆ, ಶಾಲೆಯಿದೆ, ಹೀಗೆ ಮಾಡುವವನ ಪರವಾಗಿ ನಾನು ಪೊಲೀಸರ ಮುಂದೆ ಒಂದು ಮಾತೂ ಆಡಲಾರೆ ಎಂದರು. ನಾನೇ ಮುಂದೆ ಹೋಗಿ, ಮುತ್ತಣ್ಣನ ಮನೆಯ ಪೂಜೆ, ಹೂವು, ಮೊದಲ ಗುಂಡು ಎಲ್ಲವನ್ನೂ ನನಗೆ ಬಂದ ಹಾಗೆ ಹೇಳಿದೆ. ಅಲ್ಲಿ ಹಾರಿಸುವುದು ಹೆಚ್ಚಾಗಿ ಹಳೆಯ ಕೋವಿ, ಬರಿಯ ಮದ್ದು ಎಂದೂ ಸೇರಿಸಿದೆ. ಗ್ರಹಾಂ ತೋಟಾವನ್ನು ಜೇಬಿಗಿಳಿಸಿ, ಇನ್ನೊಂದು ಅವಕಾಶ ಕೊಡುತ್ತೇನೆ, ಆದರೆ ಇನ್ನು ಮುಂದೆ ಪ್ರತಿ ತೋಟಾವನ್ನೂ ನಾನೇ ತುಂಬುತ್ತೇನೆ ಎಂದರು.

ಆ ಮಾತಿನಲ್ಲಿ ಇನ್ನೂ ಒಂದು ಉಪಾಯವಿತ್ತು. ಮುತ್ತಣ್ಣನನ್ನು ಮಲಗಿಸಿ ಗುರಿಯಿಡಲು ಹೇಳಿದರು. ಎರಡು ಗುಂಡು ಹಾರಿದವು, ಎರಡೂ ಕಾಗದದ ಕೆಳಗಿನ ಮಣ್ಣಿಗೆ. ಮೂರನೆಯದಕ್ಕೆ ಅವನಿಗೆ ಗೊತ್ತಾಗದಂತೆ ಮದ್ದಿಲ್ಲದ ತೋಟಾ ಹಾಕಿದರು. ಅವನು ಟ್ರಿಗರ್ ಎಳೆದ. ಟಿಕ್ ಎಂದಿತು. ಸದ್ದಿಲ್ಲ, ಒದೆತವಿಲ್ಲ, ಆದರೂ ನಳಿಗೆ ಥಟ್ಟನೆ ಕೆಳಕ್ಕೆ ಬಗ್ಗಿತು, ಅವನ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತ್ತು. ಬರಲಿರುವ ಒದೆತಕ್ಕೆ ಮೈ ಮೊದಲೇ ಹೆದರಿತ್ತು. ನಮ್ಮ ಮೂವರಿಗೂ ಅದು ಕಂಡಿತು. ಇದರಲ್ಲಿ ಅವಮಾನವೇನಿಲ್ಲ, ಹೀಗೆ ಹೊಡೆದರೆ ಜಿಂಕೆ ಗಾಯಗೊಂಡು ನರಳುತ್ತದಷ್ಟೇ, ನನ್ನ ಹತ್ತಿರ ಸ್ವೀಡಿಷ್ ಕೂಡ ಇದೆ, ಹಿಡಿದು ನೋಡು ಎಂದರು ಗ್ರಹಾಂ. ಮುತ್ತಣ್ಣ ಎದ್ದು, ಭುಜ ನೋಯುತ್ತಿದೆ, ನಾಳೆ ನೋಡೋಣ ಎಂದು ಕಾರಿನ ಕಡೆ ನಡೆದ.

ಸಂಜೆ ನಾಲ್ಕರ ಸುಮಾರಿಗೆ ಅವನು ಬಿ ಅಂಡ್ ಬಿಯ ಹಜಾರದ ಫೋನಿನಿಂದ, ಕಾಲಿಂಗ್ ಕಾರ್ಡ್ ಬಳಸಿ ಊರಿನಲ್ಲಿದ್ದ ಅಣ್ಣ ಸೋಮಣ್ಣನಿಗೆ ಫೋನ್ ಮಾಡಿದ. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಕೊಡವ ಮಾತು ನನಗೆ ಅರ್ಥವಾಗುತ್ತದೆ, ಆಡಲು ಹೋದರೆ ಅತ್ತೆ ನಗುತ್ತಾರೆ ಅಷ್ಟೆ. ಅಪ್ಪನಷ್ಟು ಗಟ್ಟಿಯಾಗಿ ಹಿಡಿಯಲು ನನ್ನಿಂದ ಆಗಲಿಲ್ಲ ಎಂದು ಮುತ್ತಣ್ಣ ಹೇಳಿದ. ಆ ಕಡೆಯಿಂದ ಅಣ್ಣ ಏನೋ ಹೇಳುತ್ತ ಹೋದರು. ಮುತ್ತಣ್ಣ ಮೊದಲು ಹೂಂಗುಟ್ಟಿದ, ಆಮೇಲೆ ಅದನ್ನೂ ನಿಲ್ಲಿಸಿ ಗೋಡೆಗೆ ಒರಗಿದ. ಫೋನ್ ಇಟ್ಟು ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತ.

"ಅಪ್ಪಂಗೂ ನೋಯ್ತಿತ್ತಂತೆ ಕಣೇ," ಅಂದ. "ಅಂಗಿಯೊಳಗೆ, ಭುಜದ ಹತ್ರ ಟವೆಲ್ ಮಡಚಿ ಇಟ್ಕೊಳ್ತಿದ್ರಂತೆ. ಮಡಚಿ ಕೊಡ್ತಿದ್ದಿದ್ದು ಅಣ್ಣ. ಚಿಕ್ಕವನಿಗೆ ಹೇಳ್ಬೇಡ ಅಂದಿದ್ರಂತೆ."

ನಾನು ಅವನ ಕೈ ಹಿಡಿದು ಕೂತೆ. ಮನೆಯೊಡತಿ ನಮ್ಮನ್ನು ನೋಡಿ, ಊರಿನಿಂದ ಕೆಟ್ಟ ಸುದ್ದಿಯೇ ಎಂದು ಕೇಳಿದಳು. ಅಲ್ಲ, ಒಳ್ಳೆಯದೇ ಎಂದೆ.

ಭಾನುವಾರ ಗ್ರಹಾಂ ಚರ್ಚಿನಿಂದ ಬಂದ ಮೇಲೆ ಮತ್ತೆ ಗಣಿಗೆ ಹೋದೆವು. ಗಾಳಿ ನಿಂತಿತ್ತು, ತೆಳುವಾಗಿ ಬಿಸಿಲಿತ್ತು. ಮುತ್ತಣ್ಣ ಮಲಗಿ ಸ್ವೀಡಿಷ್‌ನಲ್ಲಿ ಐದು ಗುಂಡು ಹೊಡೆದ. ಕಾಗದದ ಮೇಲಿನ ಐದೂ ತೂತುಗಳನ್ನು ನನ್ನ ಅಂಗೈಯಿಂದ ಮುಚ್ಚಬಹುದಾಗಿತ್ತು. ಗ್ರಹಾಂ ಅವನ ಬೆನ್ನು ತಟ್ಟಿದರು. ಅವರು ಒಪ್ಪಿದರು ಎಂದು ನನಗೆ ಆಗಲೇ ಗೊತ್ತಾಯಿತು.

ಆಮೇಲೆ ಅವನು ಥರ್ಟಿ ನಾಟ್ ಸಿಕ್ಸ್‌ನಲ್ಲಿ ಒಂದೇ ಒಂದು ಗುಂಡು ಹೊಡೆಯಲು ಅನುಮತಿ ಕೇಳಿದ. ಗ್ರಹಾಂ ಅವನ ಮುಖ ನೋಡಿ, ಸರಿ, ದಿಬ್ಬಕ್ಕೇ, ಎಂದರು. ಮುತ್ತಣ್ಣ ನನ್ನ ಕಡೆ ತಿರುಗಿದ.

"ನಿನ್ನ ಶಾಲು ಮಡಚಿ ಕೊಡ್ತೀಯಾ?"

ನಾನು ಉಣ್ಣೆಯ ಶಾಲನ್ನು ನಾಲ್ಕು ಮಡಿಕೆ ಮಾಡಿ ಅವನ ಜಾಕೆಟ್ಟಿನೊಳಗೆ ಭುಜದ ಮೇಲೆ ಸರಿಯಾಗಿ ಕೂರಿಸಿದೆ. ಈ ಸಲ ಅವನು ಮಲಗಲಿಲ್ಲ, ಅಪ್ಪ ನಿಲ್ಲುತ್ತಿದ್ದ ಹಾಗೆ ನಿಂತ. ಗುಂಡಿನ ಸದ್ದು ಗಣಿಯೊಳಗೆ ಸುತ್ತಿ ಬಂತು, ಕುರಿಗಳು ಓಡಿದವು. ಕಾಗದಕ್ಕೆ ತಾಗಿತೋ ಇಲ್ಲವೋ ಯಾರೂ ನೋಡಲಿಲ್ಲ. ಮುತ್ತಣ್ಣ ರೈಫಲ್ಲನ್ನು ಗ್ರಹಾಂ ಕೈಗೆ ಒಪ್ಪಿಸಿ, ಒದ್ದೆ ಹುಲ್ಲಿನ ಮೇಲೆ ಕೂತು, ಒಂದು ವರ್ಷದಿಂದ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತ. ಗ್ರಹಾಂ ಕುರಿಗಳನ್ನು ಕೂಡಿಸುವ ನೆಪದಲ್ಲಿ ದೂರ ಹೋದರು.

ಹೊರಡುವಾಗ ಅವರು ಕಾರಿನ ಕಿಟಕಿಗೆ ಬಗ್ಗಿ, ಪೊಲೀಸರಿಗೆ ಯಾವ ಬೋರು ಹೇಳಲಿ ಎಂದು ಕೇಳಿದರು. ಆರೂವರೆ, ಸ್ವೀಡಿಷ್, ಎಂದ ಮುತ್ತಣ್ಣ. ಕಾರು ಹೊರಟ ಮೇಲೆ ನಾನು ತಿರುಗಿ ನೋಡಿದೆ. ಗಣಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಲೀಡ್ಸ್ ದಾಟುವವರೆಗೂ ಅವನು ಶಾಲನ್ನು ಜಾಕೆಟ್ಟಿನೊಳಗಿಂದ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.